ಮೈಸೂರಿನ ಯೋಗಶಾಲೆಯಿಂದ ರಿಚ್ಮಂಡ್ ಹಿಲ್‌ವರೆಗೆ

ಕನ್ನಡ ನಾಡು ಜಗತ್ತಿಗಿತ್ತ ಕಾಣಿಕೆಗಳಲ್ಲಿ ಮೈಸೂರಿನ ಯೋಗ ಪರಂಪರೆಯೂ ಒಂದು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಆರಂಭವಾಯಿತು. ಅದರ ಗುರುಗಳಾದ ತಿರುಮಲೈ ಕೃಷ್ಣಮಾಚಾರ್ಯರು ಮರುವರ್ಷವೇ ಕನ್ನಡದಲ್ಲಿ ‘ಯೋಗಮಕರಂದ’ವನ್ನು ರಚಿಸಿಕೊಟ್ಟರು.

1934ರಲ್ಲಿ ಅಲ್ಲಿಗೆ ಬಂದ ಬೆಳ್ಳೂರಿನ ಕೃಶ ಬಾಲಕನೊಬ್ಬನಿಗೆ ಆಚಾರ್ಯರು ಅಕ್ಕನ ಗಂಡ. ಇನ್‌ಫ್ಲುಯೆಂಜಾ ಪಿಡುಗಿನ 1918ರಲ್ಲಿ ಹುಟ್ಟಿದ ಆತ ಮಲೇರಿಯಾ, ವಿಷಮಶೀತಜ್ವರ, ಕ್ಷಯಗಳಿಂದ ನರಳಿದ್ದ. ವರ್ಷಗಳ ಸಾಧನೆಯಿಂದ ದೃಢಕಾಯನಾದ ಆತನೇ ಬಿ.ಕೆ.ಎಸ್. ಅಯ್ಯಂಗಾರ್. ತಾವುಂಡ ನೋವನ್ನು ಮರೆಯದ ಅವರು ರೋಗಿಗಳಿಗೂ ವೃದ್ಧರಿಗೂ ಆಸನಗಳು ಎಟುಕುವಂತೆ ಹಗ್ಗ, ಕುರ್ಚಿ, ಮರದ ದಿಮ್ಮಿಗಳ ಆಸರೆಯನ್ನು ಬಳಕೆಗೆ ತಂದರು. 2014ರಲ್ಲಿ, ತಮ್ಮ 95ನೆಯ ವಯಸ್ಸಿನಲ್ಲಿ, ನಿಧನರಾದರು.

ಅಭ್ಯಾಸವು ವಯಸ್ಸಿಗೂ ಶಕ್ತಿಗೂ ತಕ್ಕಂತಿರಬೇಕೆಂಬುದು ಆಚಾರ್ಯರ ಬೋಧನೆಯ ತಿರುಳು: ಬಾಲ್ಯಕ್ಕೆ ಚುರುಕಿನ ಆಸನಗಳು, ನಡುವಯಸ್ಸಿಗೆ ಆರೋಗ್ಯರಕ್ಷಣೆ, ಮುಪ್ಪಿಗೆ ಪ್ರಾಣಾಯಾಮ, ಧ್ಯಾನ.

ಇಂದಿನ ವೈದ್ಯಶಾಸ್ತ್ರವೂ ಇದೇ ದಿಕ್ಕಿನಲ್ಲಿದೆ. ವ್ಯಾಯಾಮದಿಂದ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳು ಹತೋಟಿಗೆ ಬರಲು ನೆರವಾಗುತ್ತದೆ. ಆದರೆ ಅದು ಔಷಧಕ್ಕೆ ಬದಲಿಯಲ್ಲ, ಜೊತೆಗಾರ. ಕೆನಡಾದ 2020ರ ಮಾರ್ಗಸೂಚಿಯು ವಯಸ್ಕರಿಗೆ ವಾರಕ್ಕೆ 150 ನಿಮಿಷಗಳ ಚಟುವಟಿಕೆಯನ್ನೂ, 65 ದಾಟಿದವರಿಗೆ ಅದರೊಡನೆ ದೇಹದ ಸಮತೋಲನ ಕಾಯುವ ಅಭ್ಯಾಸವನ್ನೂ ಹೇಳುತ್ತದೆ.

ರಿಚ್ಮಂಡ್ ಹಿಲ್‌ನ ಹಿಮಗಾಲದಲ್ಲಿ ಬೇವ್ಯೂ ರಸ್ತೆಯ ಗಣೇಶನ ಗುಡಿಗೆ ಹೋಗಿಬರುವುದೂ ಹಿರಿಯರಿಗೆ ಸಾಹಸವೇ. ಊರಿನಿಂದ ಬಂದ ತಂದೆತಾಯಿಗಳು ಕಿಟಕಿಯ ಬಳಿ ಕುಳಿತೇ ಚಳಿಗಾಲ ಕಳೆಯಬಾರದು. ಒಂದು ಕುರ್ಚಿ, ಒಂದು ಗೋಡೆ, ಜೊತೆಗೆ ಕೈಹಿಡಿಯುವ ಮೊಮ್ಮಗು: ಮೈಸೂರಿನ ಆ ಪರಂಪರೆ ನಮ್ಮ ಮನೆಯಲ್ಲೇ ಮುಂದುವರಿಯಲು ಇಷ್ಟು ಸಾಕು.