ಗವಿಯ ಜೀರುಂಡೆಯ ಮೊದಲ ವರ್ಣನೆ

ಪ್ರಾಣಿಯೊಂದು ಮನುಷ್ಯನ ಕಣ್ಣಿಗೆ ಬಿದ್ದ ದಿನವೂ ಶಾಸ್ತ್ರವು ಅದನ್ನು ಅರಿತ ದಿನವೂ ಒಂದೇ ಆಗಿರಬೇಕೆಂದಿಲ್ಲ. ಕಂಡವನೊಬ್ಬ, ಲಕ್ಷಣಗಳನ್ನು ಬರೆದು ಹೆಸರಿಟ್ಟವನಿನ್ನೊಬ್ಬ, ಆ ಹೆಸರಿನಲ್ಲಿ ಉಳಿದವನು ಮತ್ತೊಬ್ಬನಾಗಿರುವುದುಂಟು. ಇದಕ್ಕೆ ಯೂರೋಪಿನ ಕಾರ್ನಿಯೋಲ ಪ್ರಾಂತದಲ್ಲಿ, ಎಂದರೆ ಈಗಿನ ಸ್ಲೊವೇನಿಯದಲ್ಲಿ, ೧೮೩೧-೩೨ರಲ್ಲಿ ನಡೆದ ಸಂಗತಿಯು ಒಳ್ಳೆಯ ನಿದರ್ಶನವಾಗಿದೆ. ಗವಿಯ ಕತ್ತಲೆಯಲ್ಲಿಯೇ ಹುಟ್ಟಿ ಬಾಳುವ ಜೀರುಂಡೆಯೊಂದು ಮೊತ್ತಮೊದಲು ವರ್ಣಿತವಾದದ್ದು ಆಗಲೇ.

ಸುಣ್ಣಕಲ್ಲಿನ ಆ ನಾಡಿನಲ್ಲಿ ಪಿವ್ಕ ನದಿಯು ನೆಲದೊಳಕ್ಕೆ ಇಳಿದು ಹರಿಯುವೆಡೆಯಲ್ಲಿ ಪೊಸ್ಟೊಯ್ನದ ಮಹಾಗುಹೆಯಿದೆ. ಅದರ ಬಾಯಿಯ ಹತ್ತಿರದ ಭಾಗವು ಮೊದಲಿನಿಂದಲೂ ಜನರಿಗೆ ತಿಳಿದಿದ್ದಿತು. ೧೮೧೮ರಲ್ಲಿ ಚಕ್ರವರ್ತಿ ಒಂದನೆಯ ಫ್ರಾನ್ಸಿಸನ ಭೇಟಿಗಾಗಿ ಗುಹೆಯನ್ನು ಸಜ್ಜುಗೊಳಿಸುತ್ತಿದ್ದಾಗ ಲೂಕ ಚೆಚ್ ಎಂಬ ಸ್ಥಳೀಯ ಕೆಲಸಗಾರನು ಒಳಗಿನ ವಿಸ್ತಾರವಾದ ಹೊಸ ಭಾಗಗಳಿಗೆ ದಾರಿ ಕಂಡುಹಿಡಿದನು. ಆದರೆ ಇದರ ಕೀರ್ತಿಯು ಬಹುಕಾಲ ಲೋವೆನ್‌ಗ್ರೈಫ್ ಎಂಬ ಖಜಾನೆಯ ಅಧಿಕಾರಿಗೆ ಸಂದಿತು. ಚೆಚ್ ಗುಹೆಯಲ್ಲಿ ದೀಪ ಹಚ್ಚುವ ಕೆಲಸದಲ್ಲಿದ್ದನು.

೧೮೩೧ರಲ್ಲಿ ಅವನ ದೀಪದ ಬೆಳಕಿಗೆ ಸಣ್ಣ ಹುಳವೊಂದು ಕಾಣಿಸಿತು. ಅವನು ಅದನ್ನು ಉಪೇಕ್ಷಿಸದೆ ಹಿಡಿದು, ಗುಹೆಯ ವಿಷಯವಾಗಿ ಮಾರ್ಗದರ್ಶಿಯನ್ನು ಬರೆಯುತ್ತಿದ್ದ ಕೌಂಟ್ ಫ್ರಾನ್ಸ್ ಹೋಹೆನ್‌ವಾರ್ಟನಿಗೆ ಕೊಟ್ಟನು. ಇದು ಯಾವ ಜಾತಿಯದೆಂದು ಕೌಂಟನಿಗೂ ತಿಳಿಯಲಿಲ್ಲ. ಅವನು ಅದನ್ನು ಲ್ಯೂಬ್ಲಿಯಾನದ ಫರ್ಡಿನೆಂಡ್ ಶ್ಮಿಟ್ಟನಿಗೆ ಒಪ್ಪಿಸಿದನು. ಶ್ಮಿಟ್ಟನು ವೃತ್ತಿಯಿಂದ ವರ್ತಕ. ಜೀರುಂಡೆ, ಬಸವನಹುಳುಗಳ ಸಂಗ್ರಹದಲ್ಲಿ ಪರಿಶ್ರಮವುಳ್ಳವನು. ಆತನ ವರ್ಣನೆಯು ೧೮೩೨ರಲ್ಲಿ ಪ್ರಕಟವಾದದ್ದು ಯಾವ ಮಹಾ ವಿದ್ವತ್ಸಭೆಯ ಸಂಪುಟದಲ್ಲಿಯೂ ಅಲ್ಲ, ‘ಇಲ್ಲಿರಿಶೆಸ್ ಬ್ಲಾಟ್’ ಎಂಬ ಊರಿನ ಪತ್ರಿಕೆಯಲ್ಲಿ.

ಅವನ ಮುಂದಿದ್ದದ್ದು ಒಂದೇ ಒಂದು ಮಾದರಿ, ಅದೂ ಮುರಿದಿದ್ದಿತು. ಆದರೂ ಅದರ ಲಕ್ಷಣಗಳು ಸಾಮಾನ್ಯ ಜೀರುಂಡೆಯವಲ್ಲವೆಂಬುದು ಸ್ಪಷ್ಟವಾಗಿದ್ದಿತು. ಈ ಪ್ರಾಣಿಗೆ ಕಣ್ಣಿಲ್ಲ; ಹಾರುವ ರೆಕ್ಕೆಯಿಲ್ಲ; ಮೇಲಿನ ಗಟ್ಟಿ ಹೊದಿಕೆಯು ಗುಂಡಗೆ ಉಬ್ಬಿದೆ; ಕಾಲುಗಳೂ ಮೀಸೆಗಳೂ ನೀಳವಾಗಿವೆ; ತಲೆಯ ಹಿಂದಿನ ಭಾಗವು ಕೊರಳಿನಂತೆ ಸಣ್ಣಗಾಗಿದೆ. ಈ ಕೊನೆಯ ಲಕ್ಷಣದಿಂದಲೇ ಶ್ಮಿಟ್ಟನು ಗ್ರೀಕ್ ಭಾಷೆಯಲ್ಲಿ ‘ಸಣ್ಣ ಕೊರಳಿನದು’ ಎಂಬರ್ಥದ ‘ಲೆಪ್ಟೊಡಿರಸ್’ ಎಂಬ ಕುಲನಾಮವನ್ನು ರಚಿಸಿ, ಕೌಂಟನ ಗೌರವಾರ್ಥವಾಗಿ ‘ಹೋಖೆನ್‌ವಾರ್ಟಿ’ ಎಂದು ಸೇರಿಸಿದನು. ಸ್ಲೊವೇನಿಯದ ಜನಭಾಷೆಯ ‘ಡ್ರೊಬ್ನೊವ್ರಾಟ್ನಿಕ್’ ಎಂಬ ಹೆಸರಿಗೂ ಅರ್ಥ ಅದೇ.

ಪೊಸ್ಟೊಯ್ನದ ಸುತ್ತಿನ ನೆಲದಡಿಯ ನೀರಿನಲ್ಲಿ ಬಾಳುವ ಕುರುಡು ಪ್ರಾಣಿಯಾದ ಪ್ರೋಟಿಯಸ್ಸನ್ನು ಲಾರೆಂಟಿಯು ೧೭೬೮ರಲ್ಲಿಯೇ ವರ್ಣಿಸಿದ್ದನು. ಆದರೆ ಈ ಹುಳದಿಂದ, ಗುಹೆಯ ಒಣನೆಲದಲ್ಲಿಯೂ ಅಲ್ಲಿಗೇ ವಿಶಿಷ್ಟವಾದ ಜೀವಸಂಕುಲವಿರಬಹುದೆಂಬ ಶಂಕೆ ಹುಟ್ಟಿತು. ಅನಂತರ ಡೆನ್ಮಾರ್ಕಿನ ಶಿಯೋಟೆಯು ೧೮೪೯ರಲ್ಲಿ ಗುಹಾಪ್ರಾಣಿಗಳನ್ನು ಕುರಿತು ಗ್ರಂಥವನ್ನು ಪ್ರಕಟಿಸಿದನು. ಡಾರ್ವಿನ್ನನು ೧೮೫೯ರ ತನ್ನ ಮಹಾಗ್ರಂಥದಲ್ಲಿ ಅವನ ಮಾತನ್ನು ಎತ್ತಿಕೊಂಡು, ಗುಹಾಪ್ರಾಣಿಗಳ ಕಣ್ಣು ನಷ್ಟವಾದದ್ದು ಉಪಯೋಗವಿಲ್ಲದ್ದರಿಂದ ಎಂದು ನಿರ್ಣಯಿಸಿದನು. ಈಗಿನ ವಿದ್ವಾಂಸರು ಆ ಕಾರಣವನ್ನು ಹಾಗೆಯೇ ಒಪ್ಪುವುದಿಲ್ಲ. ಕತ್ತಲೆಯಲ್ಲಿ ಕಣ್ಣನ್ನು ಕೆಡಿಸುವ ಆನುವಂಶಿಕ ವ್ಯತ್ಯಾಸಗಳು ಆಯ್ಕೆಯಿಂದ ಕಳೆದುಹೋಗದೆ ಕೂಡಿಬರುತ್ತವೆಂದೂ, ಕಣ್ಣನ್ನು ಪೋಷಿಸುವ ಶಕ್ತಿ ಉಳಿಯುವುದೇ ಲಾಭವೆಂದೂ ಹೇಳುತ್ತಾರೆ.

ಇನ್ನು ಹೆಸರಿನ ವಿಚಾರ. ಪ್ರಾಣಿನಾಮಗಳಲ್ಲಿ ಮೊದಲು ಪ್ರಕಟವಾದದ್ದೇ ಪ್ರಮಾಣವೆಂಬ ನಿಯಮವುಂಟು. ಆದ್ದರಿಂದ ಕೌಂಟನ ಮನೆತನದ ಹೆಸರನ್ನು ಈಗ ಬರೆಯುವ ರೀತಿಗಿಂತ ಒಂದಕ್ಷರ ಅಧಿಕವಾಗಿರುವ ಶ್ಮಿಟ್ಟನ ಕಾಗುಣಿತವೇ ಇಂದಿಗೂ ನಿಂತಿದೆ. ಈ ನಿಯಮದ ಕಠಿನ ಫಲವು ಅದೇ ನಾಡಿನ ಮತ್ತೊಂದು ಕುರುಡು ಜೀರುಂಡೆಯಲ್ಲಿ ಕಾಣುತ್ತದೆ. ೧೯೩೭ರಲ್ಲಿ ಶೈಬೆಲ್ ಎಂಬವನು ಅದಕ್ಕೆ ಹಿಟ್ಲರನ ಹೆಸರನ್ನಿಟ್ಟನು. ಆ ಹೆಸರನ್ನು ಅಳಿಸಲಾಗಿಲ್ಲ. ಅದಕ್ಕಾಗಿಯೇ ಹುಳವನ್ನು ಬಯಸುವ ಸಂಗ್ರಾಹಕರಿಂದ ಆ ಪ್ರಭೇದಕ್ಕೆ ಅಪಾಯವೂ ಒದಗಿದೆ. ಒಂದು ಹೆಸರು ಕಾಗದದಲ್ಲಿ ನಿಲ್ಲದೆ, ಹೆಸರಿಸಿಕೊಂಡ ಜೀವಿಯ ಬಾಳನ್ನೇ ಮುಟ್ಟಬಲ್ಲದು.

ಚೆಚ್‌ನ ಹೆಸರು ಲೆಪ್ಟೊಡಿರಸ್ಸಿನ ಶಾಸ್ತ್ರೀಯ ನಾಮದಲ್ಲಿಲ್ಲ. ಇದರಿಂದ ಶ್ಮಿಟ್ಟನ ಶ್ರಮವು ಕಡಮೆಯಾಗದು. ಮುರಿದ ಮಾದರಿಯೊಂದರಿಂದ ಹೊಸ ಕುಲವನ್ನು ಗುರುತಿಸಿದ್ದು ಅಲ್ಪಕಾರ್ಯವಲ್ಲ. ಆದರೆ ನಾಮಕರಣದ ನಿಯಮವು ಬೇರೆ, ಚರಿತ್ರೆಯ ಕರ್ತವ್ಯವು ಬೇರೆ. ಮೊದಲನೆಯದು ಪ್ರಕಟಿಸಿದವನನ್ನು ಮಾತ್ರ ಎಣಿಸುತ್ತದೆ. ಎರಡನೆಯದು ಕಂಡವನನ್ನೂ ಎಣಿಸಬೇಕು. ೧೮೧೮ರಲ್ಲಿ ದಾರಿಯನ್ನೂ ೧೮೩೧ರಲ್ಲಿ ಜೀವಿಯನ್ನೂ ಕಂಡವನು ಒಬ್ಬನೇ ದೀಪದವನೆಂಬುದನ್ನು ಗುಹಾಜೀವಶಾಸ್ತ್ರದ ಆರಂಭವನ್ನು ಬರೆಯುವವರು ಮೊದಲ ಪುಟದಲ್ಲಿಯೇ ನಮೂದಿಸುವುದು ಯುಕ್ತ.