ಐದನೇ ತಿಂಗಳ ಮಾತು: ಗರ್ಭಿಣಿಯರ ಅನುಭವ ಹಂಚಿಕೆ ಮತ್ತು ಪ್ರಸವಪೂರ್ವ ಆರೈಕೆ

ತಾಯಿ ಕಾರ್ಡಿನ ಒಳಪುಟದಲ್ಲಿ ಪ್ರತಿ ತಪಾಸಣೆಯಲ್ಲೂ ತುಂಬಬೇಕಾದ ಮನೆಗಳಿರುತ್ತವೆ: ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್, ಮೂತ್ರ ಪರೀಕ್ಷೆ, ಗರ್ಭಕೋಶದ ಎತ್ತರ. ತೂಕದ ಯಂತ್ರ, ಬಿ.ಪಿ. ಪಟ್ಟಿ, ಸೂಜಿ, ಟೇಪು ಇವನ್ನೆಲ್ಲ ತುಂಬಿಕೊಡುತ್ತವೆ. ಯಾವ ಉಪಕರಣದ ಹಂಗೂ ಇಲ್ಲದ ಮನೆಯೊಂದು ಅವುಗಳ ಜೊತೆಗೇ ಇದೆ. ಅದು ಮಗುವಿನ ಚಲನೆಯದು: ಸರಿಯಾಗಿದೆಯೆ, ಕಡಿಮೆಯಾಗಿದೆಯೆ, ಇಲ್ಲವೆ. "ಮಗು ಆಡ್ತಿದೆಯೇನಮ್ಮ?" ಎಂದು ಸಿಸ್ಟರ್ ಕೇಳಬೇಕು, ಬಸುರಿ ಹೇಳಬೇಕು. ಅವಳು ಬಾಯಿ ಬಿಡದಿದ್ದರೆ ಆ ಮನೆ ಖಾಲಿ ಉಳಿಯುತ್ತದೆ, ಇಲ್ಲವೆ ಊಹೆಯಿಂದ ತುಂಬುತ್ತದೆ.

ಈ ಲೇಖನದ ವಾದ ಆ ಒಂದು ಮನೆಯಿಂದ ಹೊರಟಿದೆ. ನಡುಗರ್ಭದಲ್ಲಿ, ಎಂದರೆ ಸುಮಾರು 13ರಿಂದ 27ನೇ ವಾರದವರೆಗಿನ ಅವಧಿಯಲ್ಲಿ, ಹೆಣ್ಣಿನ ಅನುಭವವೇ ವೈದ್ಯಕೀಯ ಮಾಹಿತಿಯಾಗತೊಡಗುತ್ತದೆ. ಆ ಅನುಭವಕ್ಕೆ ಮಾತು ಕೂಡುವುದು ಹೆಚ್ಚಾಗಿ ಇನ್ನೊಬ್ಬ ಬಸುರಿಯ ಪಕ್ಕದಲ್ಲಿ ಕುಳಿತಾಗ. ವೈದ್ಯರ ಎದುರಿನ ಸರದಿ ಆಮೇಲಿನದು. ಹಾಗಾಗಿ ಬಸುರಿಯರು ತಮ್ಮತಮ್ಮಲ್ಲಿ ಹೇಳಿಕೊಳ್ಳುವುದನ್ನು ಆರೈಕೆಯ ಒಂದು ಅಂಗವೆಂದೇ ಎಣಿಸಬೇಕು, ಅದಕ್ಕೆ ಜಾಗ ಮತ್ತು ಹೊತ್ತು ಕೊಡಬೇಕು ಎಂಬುದು ನನ್ನ ನಿಲುವು. ಇಲ್ಲಿರುವುದು ಹೊಸ ಸಮೀಕ್ಷೆಯಲ್ಲ. ಪ್ರಕಟವಾದ ಅಧ್ಯಯನಗಳನ್ನು, ಸರ್ಕಾರಿ ಅಂಕಿಗಳನ್ನು ಮತ್ತು ನಮ್ಮ ಮನೆಗಳ ಆಚರಣೆಯನ್ನು ಎದುರುಬದುರು ಇಟ್ಟು ಮಾಡಿದ ಓದು.

ತಪಾಸಣೆಯ ವೇಳಾಪಟ್ಟಿ ಬಂದ ದಾರಿ

ಆರೋಗ್ಯವಂತ ಬಸುರಿಯೂ ವೈದ್ಯರನ್ನು ಕಾಣಬೇಕೆಂಬ ವಿಚಾರಕ್ಕೆ ಹೆಚ್ಚು ವಯಸ್ಸಾಗಿಲ್ಲ. 1901ರಲ್ಲಿ ಎಡಿನ್‌ಬರೋದ ವೈದ್ಯ ಜಾನ್ ವಿಲಿಯಂ ಬ್ಯಾಲಂಟೈನ್ ಗರ್ಭಿಣಿಯರಿಗೆಂದೇ ಆಸ್ಪತ್ರೆಯ ವ್ಯವಸ್ಥೆ ಬೇಕೆಂದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವಾದಿಸಿದರು. 1929ರಲ್ಲಿ ಬ್ರಿಟನ್ನಿನ ಆರೋಗ್ಯ ಸಚಿವಾಲಯ ವೇಳಾಪಟ್ಟಿಯನ್ನೇ ಗೊತ್ತುಮಾಡಿತು: 16ನೇ ವಾರದಲ್ಲಿ ಮೊದಲ ಭೇಟಿ, ಬಳಿಕ 24 ಮತ್ತು 28ನೇ ವಾರ, 36ರವರೆಗೆ ಹದಿನೈದು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ. ದಶಕಗಳ ಕಾಲ ಲೋಕದ ಬಹುಭಾಗ ಇದೇ ಅಚ್ಚನ್ನು ಬಳಸಿತು.

ಈ ಎರಡು ವರ್ಷಗಳ ನಡುವೆ ಬಂದ ಒಂದು ಪುಸ್ತಕವನ್ನು ಪ್ರಸವಪೂರ್ವ ಆರೈಕೆಯ ಇತಿಹಾಸದಲ್ಲಿ ಇನ್ನೂ ಮುಂದಕ್ಕೆ ತಂದು ಕೂರಿಸಬೇಕು. ಇಂಗ್ಲೆಂಡಿನ ಮಹಿಳಾ ಸಹಕಾರಿ ಗಿಲ್ಡ್‌ನ ಕಾರ್ಯದರ್ಶಿ ಮಾರ್ಗರೆಟ್ ಲೆವೆಲಿನ್ ಡೇವಿಸ್ ತಮ್ಮ ಸಂಘದ ದುಡಿಯುವ ಹೆಂಗಸರಿಗೆ, ಬಸಿರು ಬಾಣಂತನದಲ್ಲಿ ಕಂಡುಂಡದ್ದನ್ನು ಬರೆದು ತಿಳಿಸಿ ಎಂದು ಕೇಳಿಕೊಂಡರು. 386 ಪತ್ರಗಳು ಬಂದವು. ಅವುಗಳಲ್ಲಿ 160 ಪತ್ರಗಳು 1915ರಲ್ಲಿ 'ಮೆಟರ್ನಿಟಿ' ಎಂಬ ಹೆಸರಿನಲ್ಲಿ ಅಚ್ಚಾದವು. ಆ ಪತ್ರಗಳಲ್ಲಿ ಮತ್ತೆ ಮತ್ತೆ ಕಾಣುವುದು ಎರಡು ಸಂಗತಿ: ಕೊನೆಯ ದಿನದವರೆಗೂ ದುಡಿದ ದಣಿವು, ತನ್ನ ಮೈಯೊಳಗೆ ಏನು ನಡೆಯುತ್ತಿದೆ ಎಂದು ಯಾರೂ ಹೇಳಿಕೊಡಲಿಲ್ಲವೆಂಬ ನೋವು. ಗಿಲ್ಡ್ ಆ ಪತ್ರಗಳನ್ನು ಮುಂದಿಟ್ಟುಕೊಂಡು ಹೋರಾಡಿತು. 1918ರಲ್ಲಿ ತಾಯಿ ಮತ್ತು ಶಿಶು ಕಲ್ಯಾಣ ಕಾಯ್ದೆ ಬಂತು. 1929ರ ವೇಳಾಪಟ್ಟಿಯ ಹಿಂದೆ ವೈದ್ಯರ ವಾದದ ಜೊತೆಗೆ ಹೆಂಗಸರ ಈ ಸಾಕ್ಷ್ಯವೂ ಇದೆ. ವೇಳಾಪಟ್ಟಿ ಉಳಿಯಿತು, ಸಾಕ್ಷ್ಯ ಹಿಂದೆ ಸರಿಯಿತು.

ಅರ್ಜೆಂಟೀನಾ, ಕ್ಯೂಬಾ, ಸೌದಿ ಅರೇಬಿಯಾ, ಥಾಯ್ಲೆಂಡ್‌ಗಳಲ್ಲಿ ನಡೆದು 2001ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದ ಆಧಾರದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ನಾಲ್ಕು ಭೇಟಿಗಳ ಮಾದರಿಯನ್ನು ಮುಂದಿಟ್ಟಿತು. 2016ರಲ್ಲಿ ಅದೇ ಸಂಸ್ಥೆ ಎಂಟಕ್ಕೆ ಏರಿಸಿತು. ನಡುಗರ್ಭಕ್ಕೆ ಬರುವವು 20 ಮತ್ತು 26ನೇ ವಾರದವು. ಅದಕ್ಕಿಂತ ಮುಖ್ಯವಾದದ್ದು ಪದದ ಬದಲಾವಣೆ. 'ಭೇಟಿ' ಎನ್ನುವಲ್ಲಿ 'ಸಂಪರ್ಕ' ಎಂದು ಬರೆಯಲಾಯಿತು, ಹೆಣ್ಣಿನ ಗರ್ಭಾನುಭವ ಹಿತವಾಗಿರಬೇಕೆಂಬುದನ್ನು ಶೀರ್ಷಿಕೆಯಲ್ಲೇ ಗುರಿಯಾಗಿ ಹೇಳಲಾಯಿತು. ಭಾರತದಲ್ಲಿ ಕನಿಷ್ಠ ನಾಲ್ಕು ತಪಾಸಣೆಗಳ ಕ್ರಮವಿದೆ. ಅದರಲ್ಲಿ ಎರಡನೆಯದು 14ರಿಂದ 26ನೇ ವಾರದ ನಡುವೆ. ಹದಿಮೂರು ವಾರಗಳ ಅವಧಿಗೆ ಒಂದೇ ಒಂದು ಕಡ್ಡಾಯ ತಪಾಸಣೆ ಎಂದಾಯಿತು.

ಭೇಟಿ ಹೆಚ್ಚಿತು, ರಕ್ತ ಹೆಚ್ಚಲಿಲ್ಲ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಿಂದ (2015–16) ಐದನೇ ಸುತ್ತಿಗೆ (2019–21) ದೇಶದಲ್ಲಿ ನಾಲ್ಕು ಅಥವಾ ಹೆಚ್ಚು ತಪಾಸಣೆ ಪಡೆದ ತಾಯಂದಿರ ಪ್ರಮಾಣ ಶೇ. 51.2ರಿಂದ 58.1ಕ್ಕೆ ಏರಿತು. ಆಸ್ಪತ್ರೆ ಹೆರಿಗೆ ಶೇ. 78.9ರಿಂದ 88.6ಕ್ಕೆ ಹೋಯಿತು. ಅದೇ ಅವಧಿಯಲ್ಲಿ ರಕ್ತಹೀನತೆಯಿದ್ದ ಗರ್ಭಿಣಿಯರು ಶೇ. 50.4ರಿಂದ 52.2ಕ್ಕೆ ಏರಿದರು. ಕರ್ನಾಟಕದ ಚಿತ್ರ ಇನ್ನೂ ಕಣ್ಣಿಗೆ ಹೊಡೆಯುವಂತಿದೆ: ಆಸ್ಪತ್ರೆ ಹೆರಿಗೆ ಶೇ. 97, ನಾಲ್ಕು ತಪಾಸಣೆ ಶೇ. 70.9, ಗರ್ಭಿಣಿಯರಲ್ಲಿ ರಕ್ತಹೀನತೆ ಶೇ. 45.7. ಹಿಂದಿನ ಸುತ್ತಿನಲ್ಲಿ ರಕ್ತಹೀನತೆ ಶೇ. 45.4 ಇತ್ತು, ಐದಾರು ವರ್ಷದಲ್ಲಿ ಆ ಅಂಕಿ ಕದಲಲೇ ಇಲ್ಲ.

ಕಬ್ಬಿಣಾಂಶದ ಮಾತ್ರೆ ಎರಡನೇ ತ್ರೈಮಾಸಿಕದಿಂದ ದಿನಕ್ಕೊಂದರಂತೆ 180 ದಿನ ನುಂಗಬೇಕೆಂಬುದು ನಿಯಮ. 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ದೇಶದಲ್ಲಿ 180 ದಿನ ನುಂಗಿದವರು ಶೇ. 26 ಮಾತ್ರ. ಮಾತ್ರೆ ಮನೆಗೆ ಬಂದಿದೆ, ಹೊಟ್ಟೆಗೆ ಹೋಗಿಲ್ಲ. ಇಲ್ಲಿಂದ ಮುಂದೆ ಅಂಕಿಗಳು ಮೌನವಾಗುತ್ತವೆ. ಹೆಂಗಸರ ಮಾತಿಗೇ ಕಿವಿಗೊಡಬೇಕಾಗುತ್ತದೆ.

ಆ ಮಾತು ನಮಗೆಲ್ಲ ಗೊತ್ತಿರುವುದೇ. "ನುಂಗಿದರೆ ವಾಕರಿಕೆ." "ಕಕ್ಕಸು ಕಪ್ಪಗಾಗುತ್ತೆ." "ಮಗು ಕಪ್ಪಾಗಿ ಹುಟ್ಟುತ್ತಂತೆ." "ಮಗು ದಪ್ಪ ಬೆಳೆದುಬಿಟ್ಟರೆ ಆಪರೇಷನ್ನೇ ಗತಿ." ಮಾನವಶಾಸ್ತ್ರಜ್ಞರಾದ ಮಾರ್ಕ್ ಮತ್ತು ಮಿಮಿ ನಿಕ್ಟರ್ ದಕ್ಷಿಣ ಕನ್ನಡದಲ್ಲಿ ಅಧ್ಯಯನ ಮಾಡಿ 1983ರಲ್ಲಿ ಪ್ರಕಟಿಸಿದ ಲೇಖನ ಈ ವಿಷಯದಲ್ಲಿ ಇಂದಿಗೂ ಓದಬೇಕಾದದ್ದು. ಹೊಟ್ಟೆಯಲ್ಲಿ ಕೂಳಿಗೂ ಕೂಸಿಗೂ ಇರುವುದು ಒಂದೇ ಜಾಗ, ಹೆಚ್ಚು ಉಂಡರೆ ಕೂಸಿಗೆ ಇಕ್ಕಟ್ಟು ಎಂಬ ಗ್ರಹಿಕೆಯನ್ನು ಅವರು ಅಲ್ಲಿ ಗುರುತಿಸಿದರು. ಇದನ್ನು ಬರಿಯ ಮೂಢನಂಬಿಕೆ ಎಂದು ತಳ್ಳಿಬಿಡುವುದು ಅನ್ಯಾಯ. ಐದನೇ ತಿಂಗಳು ದಾಟಿದ ಹೆಣ್ಣಿಗೆ ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಎದೆಯುರಿ ಬರುವುದು ನಿಜ. ಗರ್ಭಕೋಶ ಜಠರವನ್ನು ಮೇಲಕ್ಕೆ ಒತ್ತುತ್ತಿರುತ್ತದೆ. ಅನುಭವ ಸತ್ಯ, ಅದರಿಂದ ತೆಗೆದ ತೀರ್ಮಾನ ತಪ್ಪು. "ನನಗೂ ಹಾಗೇ ಆಗ್ತಿತ್ತು, ಒಂದೇ ಸಲ ಉಣ್ಣೋದು ಬಿಟ್ಟು ಐದಾರು ಸಲ ಸ್ವಲ್ಪ ಸ್ವಲ್ಪ ಉಂಡೆ. ಮಾತ್ರೆಯನ್ನ ರಾತ್ರಿ ಊಟ ಆದ ಮೇಲೆ ನುಂಗಿದೆ, ಕಾಫಿ ಜೊತೆ ತಗೊಳ್ಳಲಿಲ್ಲ" ಎಂದು ಅದೇ ಬೀದಿಯ ಹೆಂಗಸೊಬ್ಬಳು ಹೇಳಿದರೆ ಅನುಭವವೂ ಉಳಿಯುತ್ತದೆ, ತೀರ್ಮಾನವೂ ಸರಿಹೋಗುತ್ತದೆ. ಭಿತ್ತಿಪತ್ರಕ್ಕೆ ಈ ಶಕ್ತಿಯಿಲ್ಲ.

ಮಿಸುಕು ಮತ್ತು ಮೌನ

ನಡುಗರ್ಭದ ಎರಡು ಘಟನೆಗಳು ಹೆಣ್ಣಿನ ಮನಸ್ಸಿನಲ್ಲಿ ಅಚ್ಚೊತ್ತಿ ನಿಲ್ಲುತ್ತವೆ. ಮೊದಲನೆಯದು ಮಗುವಿನ ಮೊದಲ ಮಿಸುಕು. ಚೊಚ್ಚಲು ಬಸುರಿಗೆ ಅದು ಸಾಮಾನ್ಯವಾಗಿ 18ರಿಂದ 20ನೇ ವಾರದಲ್ಲಿ, ಹಿಂದೆ ಹೆತ್ತವಳಿಗೆ ಎರಡು ವಾರ ಮೊದಲೇ ತಿಳಿಯುತ್ತದೆ. ಮಾಸು ಗರ್ಭಕೋಶದ ಮುಂಭಾಗಕ್ಕೆ ಅಂಟಿದ್ದರೆ ಇನ್ನೂ ತಡವಾಗಬಹುದು. ಚೊಚ್ಚಲಿನವಳಿಗೆ ಅದು ವಾಯುವೋ ಮಗುವೋ ಎಂಬುದೇ ತಿಳಿಯದು. ಹೆತ್ತವರು ಅದನ್ನು ಮೀನು ಮಿಂಚಿ ಹೋದಂತೆ, ಒಳಗಿನಿಂದ ಯಾರೋ ಬೆರಳಲ್ಲಿ ತಟ್ಟಿದಂತೆ ಎಂದು ಬಣ್ಣಿಸುತ್ತಾರೆ. ಆ ಹೋಲಿಕೆ ಕಿವಿಗೆ ಬಿದ್ದವಳು ತನ್ನ ಮಗುವಿನ ಚಲನೆಯನ್ನು ಬೇಗ ಗುರುತಿಸುತ್ತಾಳೆ. ಗುರುತಿಸಲು ಕಲಿತವಳೇ 28ನೇ ವಾರದ ನಂತರ "ಇವತ್ತು ಯಾಕೋ ಕಡಿಮೆ" ಎಂದು ಆಸ್ಪತ್ರೆಗೆ ಓಡಬಲ್ಲವಳು.

ಎರಡನೆಯದು ಅಂಗಾಂಗಗಳ ಬೆಳವಣಿಗೆ ನೋಡುವ 18–20ನೇ ವಾರದ ಸ್ಕ್ಯಾನಿಂಗ್. ನನ್ನ ಚೊಚ್ಚಲು ಬಸುರಿನಲ್ಲಿ ಆ ಕತ್ತಲೆ ಕೋಣೆಯೊಳಗೆ ಇಪ್ಪತ್ತು ನಿಮಿಷ ಮಲಗಿದ್ದೆ. ಪರೀಕ್ಷೆ ಮಾಡಿದವರು ಒಂದು ಮಾತೂ ಆಡಲಿಲ್ಲ. ಏನೋ ಕೆಟ್ಟದ್ದು ಕಂಡಿರಬೇಕೆಂದು ನಡುಗುತ್ತಲೇ ಹೊರಬಂದೆ. ಬೆಂಚಿನ ಮೇಲಿದ್ದ ಗುರುತಿಲ್ಲದ ಬಸುರಿಯೊಬ್ಬರು, "ಅವರು ಯಾರ ಹತ್ರನೂ ಮಾತಾಡಲ್ಲ ಕಣಕ್ಕಾ, ನನಗೂ ಹೀಗೇ ಆಗಿತ್ತು" ಎಂದರು. ಆ ದಿನ ನನಗೆ ಸಿಕ್ಕ ಆರೈಕೆ ಅದು.

ಈ ಮೌನಕ್ಕೆ ಕಾನೂನನ್ನು ನೆಪ ಮಾಡುವುದುಂಟು. ಪ್ರಸವಪೂರ್ವ ಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಕಾಯ್ದೆ ಮಗು ಗಂಡೋ ಹೆಣ್ಣೋ ಎಂದು ಮಾತಿನಿಂದಾಗಲಿ ಸನ್ನೆಯಿಂದಾಗಲಿ ತಿಳಿಸಬಾರದೆನ್ನುತ್ತದೆ. ಹೃದಯ ಬಡಿಯುತ್ತಿದೆ, ಬೆನ್ನುಮೂಳೆ ಸರಿಯಿದೆ, ನೀರು ಸಾಕಷ್ಟಿದೆ ಎಂದು ತಾಯಿಗೆ ಹೇಳಬಾರದೆಂದು ಅದು ಎಲ್ಲಿಯೂ ಹೇಳಿಲ್ಲ. ಹೇಳುವುದಕ್ಕೆ ಅವಸರವೂ ಇದೆ. ಗರ್ಭಪಾತ ಕಾಯ್ದೆಗೆ 2021ರಲ್ಲಿ ತಂದ ತಿದ್ದುಪಡಿ ಕೆಲವು ವರ್ಗದ ಹೆಣ್ಣುಮಕ್ಕಳಿಗೆ ಮಿತಿಯನ್ನು 24 ವಾರಕ್ಕೆ ವಿಸ್ತರಿಸಿತು. ಭ್ರೂಣದಲ್ಲಿ ಗಂಭೀರ ನ್ಯೂನತೆಯಿದ್ದರೆ ಅದರಾಚೆಗೂ ವೈದ್ಯಕೀಯ ಮಂಡಳಿ ತೀರ್ಮಾನಿಸಬಹುದು. 20ನೇ ವಾರದಲ್ಲಿ ಕಂಡ ದೋಷ ತಾಯಿಗೆ ಅರ್ಥವಾಗುವುದು 26ನೇ ವಾರದಲ್ಲಾದರೆ ಆ ಹಕ್ಕು ಅವಳ ಕೈಗೆ ಸಿಗುವ ಹೊತ್ತಿಗೆ ಸವೆದುಹೋಗಿರುತ್ತದೆ.

ಕುಪ್ಪಸದ ಮನೆ, ಅಂಗನವಾಡಿಯ ಸಾಲು

ನಡುಗರ್ಭದಿಂದ ಮುಂದಕ್ಕೆ ಹೆಂಗಸರನ್ನು ಒಟ್ಟುಗೂಡಿಸುವ ಪದ್ಧತಿ ನಮ್ಮಲ್ಲಿ ಮೊದಲಿನಿಂದಲೂ ಇದೆ. ಉತ್ತರ ಕರ್ನಾಟಕದ ಕುಪ್ಪಸ, ಹಳೇ ಮೈಸೂರಿನ ಸೀಮಂತ, ಕರಾವಳಿಯ ಬಯಕೆ ಊಟ ಐದರಲ್ಲೋ ಏಳರಲ್ಲೋ ಒಂಬತ್ತರಲ್ಲೋ ನಡೆಯುತ್ತವೆ. ಹಸಿರು ಬಳೆ, ಮಡಿಲು ತುಂಬುವುದು, ತಿಂಗಳು ತಿಂಗಳಿನ ಬಯಕೆಗಳನ್ನು ಎಣಿಸುವ ಹಾಡು. ಹಾಡು ಮುಗಿದ ಮೇಲೆ ಅಡುಗೆಮನೆಯಲ್ಲಿ ನಡೆಯುವ ಮಾತೇ ಚೊಚ್ಚಲಿನವಳಿಗೆ ನಿಜವಾದ ಪಾಠ. ಈ ಕೂಟಕ್ಕೆ ಒಂದು ಕ್ರೂರ ಅಂಚೂ ಇದೆ. ವಿಧವೆಯನ್ನು, ಮಕ್ಕಳಾಗದವಳನ್ನು, ಬಸಿರು ಇಳಿದವಳನ್ನು ಅನೇಕ ಮನೆಗಳಲ್ಲಿ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಅಪಾಯದ ಚಿಹ್ನೆಗಳನ್ನು ಮೈಯಾರೆ ಅರಿತವಳನ್ನೇ ಹೊರಗಿಟ್ಟರೆ ಉಳಿದವರಿಗೆ ತಿಳಿಯುವುದು ಅರ್ಧ ಕತೆ. ಅನುಪಮಾ ನಿರಂಜನ ಅವರ 'ತಾಯಿ-ಮಗು' ಕನ್ನಡದ ಮನೆಗಳಲ್ಲಿ ಈ ಕೊರತೆಯನ್ನು ಎಷ್ಟೋ ತುಂಬಿತು. ವೈದ್ಯೆಯೂ ಲೇಖಕಿಯೂ ಆದವರು ಹೆಣ್ಣಿನ ಮಾತಿನಲ್ಲೇ ಹೆಣ್ಣಿನ ದೇಹದ ಬಗ್ಗೆ ಬರೆದರು. ಆದರೆ ಪುಸ್ತಕಕ್ಕೆ ಮರುಪ್ರಶ್ನೆ ಕೇಳಲಾಗದು.

ಮರುಪ್ರಶ್ನೆಗೆ ಎಡೆಯಿದ್ದರೆ ಏನಾಗುತ್ತದೆಂಬುದಕ್ಕೆ ನೆರೆಯ ನೇಪಾಳದಲ್ಲಿ ಗಟ್ಟಿ ಪುರಾವೆಯಿದೆ. ಮಕ್ವಾನ್‌ಪುರ ಜಿಲ್ಲೆಯಲ್ಲಿ ಊರಿನ ಹೆಣ್ಣೊಬ್ಬಳೇ ಹೆಂಗಸರ ಗುಂಪುಗಳನ್ನು ತಿಂಗಳಿಗೊಮ್ಮೆ ಸೇರಿಸಿ, ತಮ್ಮ ತೊಂದರೆಗಳನ್ನು ತಾವೇ ಗುರುತಿಸಿ ಪರಿಹಾರ ಯೋಜಿಸುವಂತೆ ನಡೆಸಿದಳು. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಫಲಿತಾಂಶದಂತೆ ನವಜಾತ ಶಿಶುಮರಣ ಶೇ. 30ರಷ್ಟು ಇಳಿಯಿತು, ಗುಂಪುಗಳಿದ್ದ ಕಡೆ ಇಬ್ಬರು ತಾಯಂದಿರು ತೀರಿಕೊಂಡರೆ ಇಲ್ಲದ ಕಡೆ ಹನ್ನೊಂದು ಮಂದಿ. ಜಾರ್ಖಂಡ್ ಮತ್ತು ಒಡಿಶಾದ ಆದಿವಾಸಿ ಪ್ರದೇಶದಲ್ಲಿ ಏಕ್‌ಜುಟ್ ಸಂಸ್ಥೆ ಇದೇ ದಾರಿ ಹಿಡಿಯಿತು. ಅಲ್ಲಿ ಮೂರು ವರ್ಷಗಳಲ್ಲಿ ನವಜಾತ ಶಿಶುಮರಣ ಶೇ. 32 ಕಡಿಮೆಯಾಯಿತು, ಮೂರನೇ ವರ್ಷದಲ್ಲಿ ತಾಯಂದಿರ ಮಧ್ಯಮ ಮಟ್ಟದ ಖಿನ್ನತೆಯೂ ಅರ್ಧಕ್ಕಿಂತ ಹೆಚ್ಚು ಇಳಿಯಿತು. 2013ರಲ್ಲಿ ಇಂಥ ಏಳು ಪ್ರಯೋಗಗಳನ್ನು ಕೂಡಿಸಿ ನೋಡಿದಾಗ ಒಂದು ಷರತ್ತು ಹೊರಬಿತ್ತು: ಊರಿನ ಬಸುರಿಯರಲ್ಲಿ ಕನಿಷ್ಠ ಶೇ. 30 ಮಂದಿ ಗುಂಪಿಗೆ ಬಂದ ಕಡೆಗಳಲ್ಲೇ ದೊಡ್ಡ ಲಾಭ.

ಈ ಷರತ್ತನ್ನು ಕರ್ನಾಟಕ ತನಗೇ ತಿಳಿಯದೆ ಪೂರೈಸಬಲ್ಲ ಸ್ಥಿತಿಯಲ್ಲಿದೆ. 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಆರಂಭವಾದ ಮಾತೃಪೂರ್ಣ ಯೋಜನೆ ಬಸುರಿ ಬಾಣಂತಿಯರಿಗೆ ತಿಂಗಳಿಗೆ 25 ದಿನ ಅಂಗನವಾಡಿಯಲ್ಲೇ ಬಿಸಿಯೂಟ ಬಡಿಸಿತು: ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಹಾಲು, ಕಡಲೆಬೀಜದ ಚಿಕ್ಕಿ, ಕೊನೆಗೆ ಕಣ್ಣೆದುರೇ ನುಂಗುವ ಕಬ್ಬಿಣಾಂಶದ ಮಾತ್ರೆ. ಯೋಜನೆಯ ಲೆಕ್ಕ ಕ್ಯಾಲೊರಿ, ಪ್ರೋಟೀನುಗಳದು. ನನಗೆ ಅಲ್ಲಿ ಕಾಣುವುದು ಅಕ್ಕಪಕ್ಕ ಕುಳಿತ ಮೂರು ತಿಂಗಳ, ಐದು ತಿಂಗಳ, ಎಂಟು ತಿಂಗಳ ಬಸುರಿಯರ ಸಾಲು. ಅಮೆರಿಕದಲ್ಲಿ ಸೂಲಗಿತ್ತಿ ನರ್ಸ್ ಶರನ್ ರೈಸಿಂಗ್ 1993ರಲ್ಲಿ ಆರಂಭಿಸಿದ ಗುಂಪು ಆರೈಕೆಯಲ್ಲಿ ಎಂಟು ಹತ್ತು ಬಸುರಿಯರನ್ನು ಸುತ್ತ ಕೂರಿಸಲು ಪ್ರತ್ಯೇಕ ವ್ಯವಸ್ಥೆ ಬೇಕಾಯಿತು. ಇಲ್ಲಿ ಊಟ ಆ ಕೆಲಸವನ್ನು ಮಾಡುತ್ತದೆ.

ಎಲ್ಲರೂ ಬರಲಿಲ್ಲವೆಂಬುದೂ ನಿಜ. ಮಲೆನಾಡಿನ ಒಂಟಿ ಮನೆಯಿಂದ ಏರು ಇಳಿದು ಒಂದು ಊಟಕ್ಕೆ ಬರುವುದು ತುಂಬಿದ ಹೊಟ್ಟೆಗೆ ಹಿಂಸೆ. ಕೂಲಿಗೆ ಹೋದವಳಿಗೆ ಮಧ್ಯಾಹ್ನ ಬಿಡುವಿಲ್ಲ. ದೃಷ್ಟಿ ತಾಕುತ್ತದೆಂದು ಅತ್ತೆ ತಡೆದದ್ದೂ ಉಂಟು. ಯಾರ ಪಕ್ಕ ಕೂರಬೇಕೆಂಬ ಜಾತಿಯ ಲೆಕ್ಕವೂ ಉಂಟು. ಇನ್ನೊಂದು ಎಚ್ಚರವೂ ಬೇಕು. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಗರ್ಭಧಾರಣೆಗಳನ್ನು ಒಳಗೊಂಡು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮಗುವಿನ ಚಲನೆಯ ಬಗ್ಗೆ ಅರಿವು ಮೂಡಿಸಿ ಅದಕ್ಕೆ ತಕ್ಕ ಚಿಕಿತ್ಸಾ ಕ್ರಮವನ್ನು ಗೊತ್ತುಮಾಡಿದರೂ ಮೃತಜನನ ಗಮನಾರ್ಹವಾಗಿ ಇಳಿಯಲಿಲ್ಲ, ಸಿಸೇರಿಯನ್ ಹೆಚ್ಚಿತು. ಮಾತು ಎಲ್ಲವನ್ನೂ ಮಾಡಲಾರದು. ಶೇ. 97ರಷ್ಟು ಹೆರಿಗೆ ಆಸ್ಪತ್ರೆಯಲ್ಲೇ ಆಗುವ ನಮ್ಮ ರಾಜ್ಯದಲ್ಲಿ ಮಾತಿನಿಂದ ಮೊದಲು ನಿರೀಕ್ಷಿಸಬೇಕಾದದ್ದು ನುಂಗಿದ ಮಾತ್ರೆ, ಇಳಿದ ಭಯ, ಬೇಗ ಬಾಯಿಬಿಟ್ಟ ತೊಂದರೆ.

2016ರಿಂದ ಪ್ರತಿ ತಿಂಗಳ 9ರಂದು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಎರಡು ಮತ್ತು ಮೂರನೇ ತ್ರೈಮಾಸಿಕದ ಬಸುರಿಯರನ್ನು ಸರ್ಕಾರಿ ಆಸ್ಪತ್ರೆಗಳಿಗೆ ಕರೆಸಲಾಗುತ್ತದೆ. ತೊಂದರೆಯಿಲ್ಲದವಳ ಕಾರ್ಡಿಗೆ ಹಸಿರು ಸ್ಟಿಕ್ಕರ್, ಅಪಾಯವಿರುವವಳ ಕಾರ್ಡಿಗೆ ಕೆಂಪು. ಕೆಂಪು ಬಿದ್ದವಳು ಯಾಕೆಂದು ತಿಳಿಯದೆ ಕಾರ್ಡನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಹೋಗುವುದಕ್ಕಿಂತ, ಹಿಂದಿನ ವರ್ಷ ಕೆಂಪು ಬಿದ್ದು ಈಗ ಕೂಸನ್ನು ಎತ್ತಿಕೊಂಡು ನಿಂತವಳ ಜೊತೆ ಹತ್ತು ನಿಮಿಷ ಕೂರುವಂತಾಗಲಿ.

ಆರೋಗ್ಯ ಇಲಾಖೆ ಮತ್ತು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ನನ್ನ ವಿನಂತಿ ಸಣ್ಣದು. ಒಂದು ತಾಲ್ಲೂಕನ್ನು ಆಯ್ದುಕೊಳ್ಳಿ. ಅಲ್ಲಿನ ಅಂಗನವಾಡಿಗಳಲ್ಲಿ ವಾರಕ್ಕೊಮ್ಮೆ ಅರ್ಧ ಗಂಟೆ ಬಸುರಿಯರ ಮಾತಿಗೆ ಮೀಸಲಿಡಿ. ಆಶಾ ಕಾರ್ಯಕರ್ತೆ ಬೋಧಿಸುವುದು ಬೇಡ, ಕೇಳುತ್ತ ಕೂರಲಿ. ಆ ಅರ್ಧ ಗಂಟೆಗೆ ಅವಳಿಗೆ ಗೌರವಧನ ಸಿಗಲಿ. ಬಸಿರು ಕಳೆದುಕೊಂಡವಳನ್ನೂ ಕರೆಯಿರಿ. ಒಂದು ವರ್ಷದ ನಂತರ ಪಕ್ಕದ ತಾಲ್ಲೂಕಿನೊಂದಿಗೆ ಹಿಮೋಗ್ಲೋಬಿನ್ ಹೋಲಿಸಿ ನೋಡಿ. ಅದಕ್ಕೆ ಬೇಕಾದ ಅಂಕಿ ಪ್ರತಿ ತಾಯಿ ಕಾರ್ಡಿನಲ್ಲೂ ಈಗಾಗಲೇ ಬರೆದಿದೆ.