ಹಂಪಿಯ ತೇರು, ಕಂಪೆನಿ ಸರ್ಕಾರ ಮತ್ತು ಬೈಬಲ್

ಚೈತ್ರದಲ್ಲಿ ಹಂಪಿಯ ವಿರೂಪಾಕ್ಷನ ತೇರು ಎಳೆಯುವಾಗ ಹೊಸಪೇಟೆ, ಕಂಪ್ಲಿ, ಸಂಡೂರಿನ ಕಡೆಯಿಂದ ಜನ ಬಂದು ಸೇರುತ್ತಾರೆ. ಗುಡಿಯ ಆಡಳಿತ ಮುಜರಾಯಿ ಇಲಾಖೆಯದು. ದೇವಸ್ಥಾನದ ಕಾರ್ಯದಲ್ಲಿ ಸರ್ಕಾರ ಎಷ್ಟರಮಟ್ಟಿಗೆ ಕೈಹಾಕಬೇಕು ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಹಿಂದೆ ಮದರಾಸು ಪ್ರಾಂತ್ಯದಲ್ಲಿ ಈ ಪ್ರಶ್ನೆಯನ್ನು ಗಟ್ಟಿಯಾಗಿ ಎತ್ತಿದವರು ಕ್ರೈಸ್ತ ಪಾದ್ರಿಗಳು. ಅವರಿಗೆ ಆಧಾರವಾಗಿದ್ದುದು ಬೈಬಲ್.

1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪೆನಿಗೆ ಬಿಟ್ಟುಕೊಟ್ಟನು. ಹಂಪಿ, ಹೊಸಪೇಟೆ, ಕಂಪ್ಲಿಗಳು ಕಂಪೆನಿಯ ಆಳ್ವಿಕೆಗೆ ಬಂದವು. ಸಂಡೂರು ಮಾತ್ರ ಘೋರ್ಪಡೆ ಮನೆತನದ ಸಂಸ್ಥಾನವಾಗಿ ಮುಂದುವರಿಯಿತು. 1806ರಲ್ಲಿ ವೆಲ್ಲೂರಿನ ಸಿಪಾಯಿಗಳು ದಂಗೆ ಎದ್ದರು. ತಮ್ಮನ್ನು ಕ್ರೈಸ್ತರನ್ನಾಗಿ ಮಾಡುತ್ತಾರೆಂಬ ಭಯ ಅದಕ್ಕಿದ್ದ ಕಾರಣಗಳಲ್ಲಿ ಒಂದು. ಆ ಬಳಿಕ ಮಿಷನರಿಗಳೆಂದರೆ ಕಂಪೆನಿಗೇ ಅಳುಕು.

ಅಂಥ ಕಾಲದಲ್ಲಿ, 1810ರಲ್ಲಿ, ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದರು. ಕನ್ನಡ ಕಲಿತು ಬೈಬಲಿನ ಅನುವಾದಕ್ಕೆ ತೊಡಗಿದರು. 1820ರ ದಶಕದಲ್ಲಿ ಹೊಸ ಒಡಂಬಡಿಕೆ, 1830ರ ದಶಕದ ಆರಂಭದಲ್ಲಿ ಇಡೀ ಬೈಬಲ್ ಅಚ್ಚಾಯಿತು. ಹಂಪಿಯ ಜಾತ್ರೆ ಬಳ್ಳಾರಿಯ ಮಿಷನರಿಗಳಿಗೆ ಪ್ರಚಾರದ ಕ್ಷೇತ್ರವಾಯಿತು.

ಆದರೆ ಅದೇ ಸರ್ಕಾರ ಗುಡಿಗಳ ಮೇಲ್ವಿಚಾರಕನೂ ಆಗಿತ್ತು. ಮದರಾಸಿನ 1817ರ 7ನೆಯ ರೆಗ್ಯುಲೇಷನ್ ದೇವಸ್ಥಾನಗಳ ದತ್ತಿಯ ಉಸ್ತುವಾರಿಯನ್ನು ರೆವೆನ್ಯೂ ಬೋರ್ಡಿಗೆ ವಹಿಸಿತು. ಊರಿನ ಮಟ್ಟದಲ್ಲಿ ಆ ಕೆಲಸ ಕಲೆಕ್ಟರನದು. ದತ್ತಿಯ ಹಣ ಸೋರಿಹೋಗದಂತೆ ತಡೆಯುವುದು ಇದರ ಉದ್ದೇಶ. ಪಾದ್ರಿಗಳಿಗೆ ಇದು ಒಪ್ಪಿಗೆಯಾಗಲಿಲ್ಲ. ಅನ್ಯದೇವರುಗಳನ್ನೂ ವಿಗ್ರಹಗಳನ್ನೂ ಆರಾಧಿಸಬಾರದೆಂದು ಹತ್ತು ಆಜ್ಞೆಗಳು ಹೇಳುತ್ತಿರುವಾಗ ಕ್ರೈಸ್ತ ಅಧಿಕಾರಿಯೇ ಉತ್ಸವ ನಡೆಸುವುದು ಪಾಪವೆಂದು ಅವರು ವಾದಿಸಿದರು. ಆಳುವವರಿಗೆ ವಿಧೇಯರಾಗಿರಬೇಕೆಂಬ ಪೌಲನ ಬೋಧನೆಯೂ ಅದೇ ಗ್ರಂಥದಲ್ಲಿದೆ. ಯಾವುದು ಮೇಲು ಎಂಬುದೇ ಬಿಕ್ಕಟ್ಟು.

ಗುಡಿಗಳ ಆಡಳಿತದಿಂದ ಹಿಂದೆ ಸರಿಯುವಂತೆ 1833ರಲ್ಲಿ ಲಂಡನ್ನಿನಿಂದ ಆದೇಶ ಬಂದರೂ ಮದರಾಸು ಸರ್ಕಾರ ನಿಧಾನ ಮಾಡಿತು. 1836ರಲ್ಲಿ ಬಿಷಪ್ ಡೇನಿಯಲ್ ಕೋರಿಯ ಮೂಲಕ ಪಾದ್ರಿಗಳು, ಅಧಿಕಾರಿಗಳು ಮನವಿ ಸಲ್ಲಿಸಿದರು. ಸೇನಾಧಿಪತಿ ಪೆರೆಗ್ರಿನ್ ಮೈಟ್ಲೆಂಡ್ ಇದೇ ಪ್ರಶ್ನೆಯ ಮೇಲೆ 1838ರಲ್ಲಿ ಹುದ್ದೆಯನ್ನೇ ಬಿಟ್ಟರು. 1840ರ ದಶಕದಲ್ಲಿ ಕಲೆಕ್ಟರುಗಳು ಗುಡಿಯ ಆಡಳಿತವನ್ನು ಸ್ಥಳೀಯ ಧರ್ಮಕರ್ತರಿಗೆ ಒಪ್ಪಿಸತೊಡಗಿದರು. 1863ರ ಕಾಯಿದೆ ಅದಕ್ಕೆ ಕಾನೂನಿನ ಮುದ್ರೆ ಒತ್ತಿತು.

ಇಲ್ಲೊಂದು ವಿರೋಧಾಭಾಸವಿದೆ. ಗುಡಿಯಿಂದ ಸರ್ಕಾರ ದೂರವಿರಲಿ ಎಂದ ಬಿಷಪ್ಪರ ಸಂಬಳ ಬರುತ್ತಿದ್ದುದು ಇದೇ ನಾಡಿನ ರೈತರ ಕಂದಾಯದಿಂದ. ಆ ಸಂಬಳವನ್ನು ನಿಲ್ಲಿಸಿ ಎಂದು ಬಿಷಪ್ಪರ ಮನವಿ ಕೇಳಲಿಲ್ಲ. ಸರ್ಕಾರ ಹಿಂದೆ ಸರಿದ ಮೇಲೆ ಗುಡಿಗಳ ಆಸ್ತಿ ಪರಭಾರೆಯಾಗುತ್ತಿದೆಯೆಂಬ ದೂರುಗಳು ಹೆಚ್ಚಿದವು. ಕಡೆಗೆ 1920ರ ದಶಕದಲ್ಲಿ ಪಾನಗಲ್ ರಾಜರ ಜಸ್ಟಿಸ್ ಪಕ್ಷದ ಸರ್ಕಾರ ಕಾನೂನು ತಂದು ಮತ್ತೆ ಉಸ್ತುವಾರಿ ವಹಿಸಿಕೊಂಡಿತು. ಈ ಸಲ ಹಾಗೆ ಮಾಡಿದವರು ಹಿಂದೂ ಮಂತ್ರಿಗಳೇ.

ಧರ್ಮಗ್ರಂಥದ ವಾಕ್ಯ ಬದಲಾಗುವುದಿಲ್ಲ. ಆದರೆ ಅದನ್ನು ಯಾರ ಮುಂದೆ ಹಿಡಿಯಬೇಕು, ಯಾವಾಗ ಮಡಿಚಿಡಬೇಕು ಎಂಬುದನ್ನು ಓದುವವನು ನಿಂತ ಜಾಗವೇ ಅನೇಕ ವೇಳೆ ತೀರ್ಮಾನಿಸುತ್ತದೆ. ಅಂದಿನ ಪಾದ್ರಿಗಳಿಗೆ ಹೇಗೋ, ಇಂದು ಯಾವ ಧರ್ಮದ ಹೆಸರಿನಲ್ಲಿ ರಾಜಕೀಯ ಮಾತನಾಡುವವರಿಗೂ ಈ ಮಾತು ಹಾಗೆಯೇ ಸಲ್ಲುತ್ತದೆ.